ಅಡಿಕೆ ಖರೀದಿ ಲೆಕ್ಕ ಎಕ್ಸೆಲ್‌ನಿಂದ ಮೊಬೈಲ್ ಫಾರಂಗೆ: ನನ್ನ ಅನುಭವ

ಶಿರಸಿಯ ನಮ್ಮ ಖರೀದಿ ಅಂಗಡಿಯ ಲೆಕ್ಕ ಈಗ ಪೂರ್ತಿ ಮೊಬೈಲ್ ಫಾರಂನಲ್ಲೇ ನಡೆಯುತ್ತಿದೆ. ಒಂದು ಅಡಿಕೆ ಸೀಸನ್ ಮುಗಿದು ಲೆಕ್ಕ ತಾಳೆಯೂ ಆಗಿದೆ. ಆಗದು ಅಂದವರೇ ಜಾಸ್ತಿ ಇದ್ದರು, ಅದಕ್ಕೇ ಬರೆಯುತ್ತಿದ್ದೇನೆ. "ತಮಾ, ಮಳೆಗಾಲದಲ್ಲಿ ಕರೆಂಟೇ ಇರ್ತಿಲ್ಲೆ, ನಿನ್ನ ಫಾರಂ ಎಲ್ಲಿ ಇರ್ತು?" ಅಂತ ಹಿರಿಯ ಗುಮಾಸ್ತರು ಕೇಳಿದ್ದರು. ಈಗ ಫಾರಂನಲ್ಲಿ ತೂಕದ ಚೀಟಿ ಬರೆಯುವವರು ಅವರೇ.

ಹೊರಗಿನ ಸಾಫ್ಟ್‌ವೇರ್‌ನವರೊಬ್ಬರು 80 ಸಾವಿರದ ಹತ್ತಿರ ಕೇಳಿದ್ದರು. ನಾನು ಆಪ್‌ಶೀಟ್ ಹಿಡಿದೆ. ಲೆಕ್ಕದ ಹಾಳೆಯಿಂದ ಕೋಡ್ ಬರೆಯದೇ ಮೊಬೈಲ್ ಆಪ್ ಕಟ್ಟುವ ಗೂಗಲ್‌ನ ಸಾಧನ ಅದು. ಒಬ್ಬರಿಗೆ ತಿಂಗಳಿಗೆ 5 ಡಾಲರ್, ನಾವು ಮೂವರು. ತಿಂಗಳಿಗೆ 1,300 ರೂಪಾಯಿ ಆಸುಪಾಸು ಬೀಳುತ್ತದೆ.

ಮೊದಲು ಗೂಗಲ್ ಫಾರ್ಮ್ಸ್ ನೋಡಿದೆ. ಉತ್ತರ ನೋಡಿಕೊಂಡು ಬೇರೆ ವಿಭಾಗಕ್ಕೆ ಹೋಗಬಹುದು, ಅಷ್ಟೇ. ಊರು ಆರಿಸಿದರೆ ಆ ಊರಿನ ಖಾತೆದಾರರು ಮಾತ್ರ ಬರಬೇಕು ಅಂದರೆ ಅದು ಸಾಲದು. ನಮ್ಮಲ್ಲಿ ಗಣಪತಿ ಹೆಗಡೆ ಅಂದರೆ ಏಳೆಂಟು ಜನ! ಆಪ್‌ಶೀಟ್‌ನಲ್ಲಿ ಖಾತೆ ಸಂಖ್ಯೆಗೆ ರೆಫ್ (ಇನ್ನೊಂದು ಹಾಳೆಯ ಸಾಲಿಗೆ ಕೊಂಡಿ) ಕೊಟ್ಟು, ವ್ಯಾಲಿಡ್ ಇಫ್‌ನಲ್ಲಿ (ಯಾವ ಉತ್ತರ ನಡೆಯುತ್ತದೆ ಅಂತ ಹೇಳುವ ಜಾಗ) ಊರಿನ ಷರತ್ತು ಹಾಕಿದೆ. ಅಡಿಕೆಯಲ್ಲಿ ಕೆಂಪು ಅಂದರೆ ರಾಶಿ, ತಟ್ಟಿಬೆಟ್ಟೆ, ಕೆಂಪುಗೋಟು. ಬಿಳಿ ಅಂದರೆ ಚಾಲಿ, ಬಿಳೆಗೋಟು, ಕೋಕಾ. ಬಣ್ಣ ಆರಿಸಿದರೆ ಆ ಬಗೆಗಳು ಮಾತ್ರ ಬರಲು ಇದೂ ಅದೇ ದಾರಿ.

ನಿಜವಾದ ಕಾಟ ಹೆಸರುಗಳದ್ದು. ಹಳೇ ಹಾಳೆಗಳೆಲ್ಲ ನುಡಿ ಫಾಂಟಿನಲ್ಲಿದ್ದವು. ಯೂನಿಕೋಡ್‌ಗೆ ತಂದ ಮೇಲೂ ಕೆಲವು ಹೆಸರು ಕೊಂಡಿಗೆ ಸಿಗುತ್ತಲೇ ಇರಲಿಲ್ಲ. ಎರಡು ಕಡೆ 'ಶ್ರೀಧರ್' ಅಂತಲೇ ಇದೆ, ಕಣ್ಣಿಗೆ ಒಂದೇ. ಅಕ್ಷರ ಎಣಿಸುವ ಎಕ್ಸೆಲ್ ಸೂತ್ರ ಲೆನ್ ಹಾಕಿ ನೋಡಿದರೆ ಒಂದರಲ್ಲಿ ಒಂದಕ್ಷರ ಹೆಚ್ಚು! ಕೊನೆಯ ಅರ್ಧಾಕ್ಷರದ ನಂತರ ಕಾಣದ ಜೋಡಣೆ ತಡೆಯುವ ಚಿಹ್ನೆ ಕೂತಿತ್ತು. ಹೆಚ್ಚಿನ ಜಾಗ, ಕಸ ತೆಗೆಯುವ ಟ್ರಿಮ್‌ಗೂ ಕ್ಲೀನ್‌ಗೂ ಅದು ಜಗ್ಗುವುದಿಲ್ಲ. ಒಂದರ ಬದಲು ಇನ್ನೊಂದು ಇಡುವ ಸಬ್‌ಸ್ಟಿಟ್ಯೂಟ್‌ನಲ್ಲಿ ಆ ಚಿಹ್ನೆಯ ಸಂಖ್ಯೆಯನ್ನು, ಅಂದರೆ ಯೂನಿಚಾರ್ 8204 ಕೊಟ್ಟು ತೆಗೆಯಬೇಕು. ಒಂದು ಸಾವಿರದಷ್ಟು ಹೆಸರು ಹೀಗೆ ಸೋಸಿದ್ದೇನೆ. ಈ ಕೆಲಸ ಬಿಟ್ಟು ಫಾರಂ ಕಟ್ಟಲು ಕೂತರೆ ಸುಮ್ನೆ ಟೈಮ್ ವೇಸ್ಟ್.

ಇನ್ನೊಂದು ಕಾಟ ದರದ್ದು. ದರದ ಕಾಲಂಗೆ ಆಪ್ ಫಾರ್ಮುಲಾ ಕೊಟ್ಟಿರಿ ಅನ್ನಿ. ಹೋದ ವಾರದ ಚೀಟಿ ತೆರೆದು ಚೀಲದ ಲೆಕ್ಕ ತಿದ್ದಿದರೆ ಸಾಕು, ಇವತ್ತಿನ ದರ ಬಂದು ಕೂರುತ್ತದೆ. ರೈತರ ದುಡ್ಡೇ ಬದಲಾಗುತ್ತದೆ, ಅಲ್ವಾ? ಅಲ್ಲಿಗೆ ಹೊಸ ಚೀಟಿ ಮಾಡುವಾಗ ಮಾತ್ರ ತುಂಬುವ ಇನಿಶಿಯಲ್ ವ್ಯಾಲ್ಯೂ ಬೇಕು. ತೂಗಿದ ದಿನದ ದರ ಹಾಗೇ ಉಳಿಯುತ್ತದೆ. ಇದಕ್ಕೆ ನಾನು ಯಾರ ಜೊತೆ ಬೇಕಾದರೂ ವಾದಕ್ಕೆ ನಿಲ್ಲುತ್ತೇನೆ.

ವಾನಳ್ಳಿ ಕಡೆ ತೂಕಕ್ಕೆ ಹೋದರೆ ಸಿಗ್ನಲ್ ಭರವಸೆ ಇಲ್ಲ. ಚೀಟಿ ಫೋನಿನಲ್ಲೇ ಉಳಿದು ಪೇಟೆಗೆ ಬಂದ ಮೇಲೆ ಸಿಂಕ್ ಆಗುತ್ತದೆ. ಚೀಟಿಯನ್ನು ಗುರುತಿಸುವ ಕೀಗೆ ಮಾತ್ರ ಸಾಲಿನ ನಂಬರ್ ಬೇಡ, ಯೂನಿಕ್ ಐಡಿ ಕೊಡಿ. ಒಂದೇ ಚೀಟಿ ಎರಡು ಸಲ ಬರದಂತೆ ತಡೆಯಲು ನನ್ನದೇ ಒಂದು ಉಪಾಯ ಇದೆ. ಅದನ್ನು ಇಲ್ಲಿ ಬಿಚ್ಚುವುದಿಲ್ಲ.

ನಡುವೆ ಗೋಣಿಚೀಲಕ್ಕೆ ಕ್ಯೂಆರ್ ಸ್ಟಿಕ್ಕರ್ ಅಂಟಿಸಿ ನೋಡಿದೆ. 700 ರೂಪಾಯಿ ಹೋಯಿತು, ಒಂದೂ ನಿಲ್ಲಲಿಲ್ಲ. ರಟ್ಟಿಗೆ ಅಂಟಿಸಿ ಸುತಳಿಯಲ್ಲಿ ಚೀಲದ ಬಾಯಿಗೆ ಕಟ್ಟಿದರೆ ಚೆನ್ನಾಗಿ ಸ್ಕ್ಯಾನ್ ಆಗುತ್ತದೆ.

ಈಗ ಕಾಳುಮೆಣಸಿನ ಹಾಳೆಗೆ ಕೈ ಹಾಕಿದ್ದೇನೆ. ಅದರಲ್ಲಿ ತೇವಾಂಶ ನೋಡಿ ತೂಕ ಕಡಿಯುವ ಲೆಕ್ಕವನ್ನೂ ಜೋಡಿಸಬೇಕು. ಹೆಸರಿನ ಪಟ್ಟಿ ಹೇಗೂ ಸಿದ್ಧ ಇದೆ.