ಹಳೆಯ ಮದುವೆ ವಿಸಿಡಿ ಕಂಪ್ಯೂಟರಿನಲ್ಲಿ ಓಡದಿದ್ದರೆ

2000ದ ಆಸುಪಾಸಿನ ಮದುವೆ, ಗೃಹಪ್ರವೇಶ, ಉಪನಯನಗಳ ವಿಡಿಯೊ ಎಷ್ಟೋ ಮನೆಗಳಲ್ಲಿ ಇರುವುದು ವಿಸಿಡಿಯಲ್ಲಿ. ಈಗಿನ ಲ್ಯಾಪ್‌ಟಾಪಿಗೆ ಸಿಡಿ ಡ್ರೈವ್ ಜೋಡಿಸಿ ಹಾಕಿದರೆ ಏನೂ ಮೂಡುವುದಿಲ್ಲ. ಇಲ್ಲವೇ ಫೈಲ್ ಕಾಣಿಸುತ್ತದೆ, ಕಾಪಿ ಮಾಡಹೋದರೆ ಅರ್ಧಕ್ಕೇ ಎರರ್ ಬರುತ್ತದೆ. ಅಷ್ಟಕ್ಕೇ ಸಿಡಿ ಕೆಟ್ಟಿತೆಂದು ಎಸೆಯಬೇಡಿ. ಒಳಗಿನ ವಿಡಿಯೊ ಹೆಚ್ಚು ಪಾಲು ಹಾಗೆಯೇ ಉಳಿದಿರುವ ಸಾಧ್ಯತೆ ದೊಡ್ಡದು.

ಮೊದಲು ಡಿಸ್ಕನ್ನು ಬಲ್ಬಿಗೆ ಎದುರಾಗಿ ಹಿಡಿದು ನೋಡಿ. ಸೂಜಿಮೊನೆಯಷ್ಟು ತೂತುಗಳಿಂದ ಬೆಳಕು ಬಂದರೆ ಮೇಲಿನ ಪದರ ಕಿತ್ತಿದೆ ಎಂದರ್ಥ. ಅಲ್ಲಿನ ಮಾಹಿತಿ ಹೋದ ಹಾಗೆಯೇ. ಸಿಡಿಯಲ್ಲಿ ಮಾಹಿತಿ ಇರುವುದು ಲೇಬಲ್ಲಿನ ತೀರಾ ಹತ್ತಿರ. ಹಾಗಾಗಿ ಹೊಳೆಯುವ ಬದಿಯ ಗೀರಿಗಿಂತ ಹೆಸರು ಬರೆದ ಬದಿಯ ಗೀರು ಅಪಾಯಕಾರಿ. ಅಂಟಿಸಿದ ಸ್ಟಿಕ್ಕರ್ ಕೀಳಲೇಬೇಡಿ, ಪದರವೂ ಜೊತೆಗೆ ಬಂದುಬಿಡುತ್ತದೆ.

ಹೊಳೆಯುವ ಬದಿ ಮಸುಕಾಗಿದ್ದರೆ ತಣ್ಣೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿ, ಮೆತ್ತನೆಯ ಹತ್ತಿ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ. ಸುತ್ತಿಸಿ ಒರೆಸಬಾರದು. ಮಾಹಿತಿ ಸುರುಳಿಯಾಗಿ ಇರುವುದರಿಂದ ಸುತ್ತಿನ ಗೀರು ಒಂದೇ ಕಡೆ ಸಾಲಾಗಿ ತುಂಬಾ ಬೈಟ್‌ಗಳನ್ನು ಕೆಡಿಸುತ್ತದೆ. ಅಡ್ಡಗೀರನ್ನು ಡ್ರೈವ್ ಹೇಗೋ ಸರಿದೂಗಿಸಿಕೊಳ್ಳುತ್ತದೆ.

ಇನ್ನು ಡ್ರೈವ್. ತೆಳು ಯುಎಸ್‌ಬಿ ಡ್ರೈವ್‌ಗೆ ಡಿಸ್ಕ್ ತಿರುಗಲು ಶುರುವಾಗುವಾಗ ಹೆಚ್ಚು ಕರೆಂಟ್ ಬೇಕು. ಹಬ್‌ಗೆ ಚುಚ್ಚಿದರೆ ಟಿಕ್ ಟಿಕ್ ಎಂದು ನಿಂತುಬಿಡುತ್ತದೆ. ನೇರ ಲ್ಯಾಪ್‌ಟಾಪಿನ ಪೋರ್ಟಿಗೇ ಹಾಕಿ. ಒಂದು ಡ್ರೈವ್ ಓದದ ಡಿಸ್ಕನ್ನು ಇನ್ನೊಂದು ಓದುವುದು ಮಾಮೂಲು. ಹಳೆಯ ಡೆಸ್ಕ್‌ಟಾಪಿನ ದೊಡ್ಡ ಡಿವಿಡಿ ರೈಟರ್ ಸಿಕ್ಕರೆ ಅದನ್ನೇ ಮೊದಲು ನೋಡಿ.

ಡಿಸ್ಕ್ ತೆರೆದಾಗ ಎಂಪೆಗ್‌ಎವಿ (MPEGAV) ಎಂಬ ಫೋಲ್ಡರು, ಅದರಲ್ಲಿ ಡಾಟ್ ಡಿಎಟಿ (.DAT) ಎಂದು ಮುಗಿಯುವ ದೊಡ್ಡ ಫೈಲು ಇದ್ದರೆ ಅದು ವಿಸಿಡಿ. ಕಾಪಿ ಕೈಕೊಡುವುದೇಕೆ ಎಂದರೆ, ಸಿಡಿಯಲ್ಲಿ ಮಾಹಿತಿ ಸೆಕ್ಟರ್ ಎಂಬ ಚಿಕ್ಕ ತುಂಡುಗಳಲ್ಲಿ ಇರುತ್ತದೆ, ಒಂದೊಂದು 2352 ಬೈಟ್. ಸಾಮಾನ್ಯ ಡೇಟಾ ಸಿಡಿ ಅದರಲ್ಲಿ 2048 ಬೈಟ್ ಮಾತ್ರ ಮಾಹಿತಿಗೆ ಕೊಟ್ಟು, ಉಳಿದದ್ದರ ಹೆಚ್ಚಿನ ಭಾಗವನ್ನು ತಪ್ಪು ತಿದ್ದಲು ಇಟ್ಟುಕೊಳ್ಳುತ್ತದೆ. ವಿಸಿಡಿಯಲ್ಲಿ 74 ನಿಮಿಷದ ವಿಡಿಯೊ ಹಿಡಿಸಲೆಂದು ಆ ರಕ್ಷಣೆಯನ್ನು ಬಿಟ್ಟು 2324 ಬೈಟ್ ವಿಡಿಯೊಗೇ ಕೊಟ್ಟಿದ್ದಾರೆ. ಪ್ಲೇ ಮಾಡುವಾಗ ಒಂದು ಸೆಕ್ಟರ್ ಹೋದರೆ ತೆರೆಯ ಮೇಲೆ ಕ್ಷಣಕಾಲ ಚೌಕಗಳು ಮೂಡಿ ಮಾಯವಾಗುತ್ತವೆ, ಅಷ್ಟೆ. ವಿಂಡೋಸ್‌ನ ಕಾಪಿಗೆ ಅದೇ ಒಂದು ಸೆಕ್ಟರ್ ಸಾಕು, ಇಡೀ ಫೈಲನ್ನೇ ಕೈಬಿಡುತ್ತದೆ. ಲಿನಕ್ಸ್‌ನಲ್ಲಂತೂ ಮಾಮೂಲಿ ಕಾಪಿ ಚೆನ್ನಾಗಿರುವ ವಿಸಿಡಿಯಲ್ಲೂ ಎರರ್ ಕೊಡುತ್ತದೆ. ಅಲ್ಲಿ ವಿಸಿಡಿ ಇಮೇಜರ್ ಎಂಬ ಸಾಫ್ಟ್‌ವೇರ್ ಬಳಸಿ.

ಬರೀ ನೋಡುವುದಿದ್ದರೆ ವಿಎಲ್‌ಸಿ ಎಂಬ ವಿಡಿಯೊ ಪ್ಲೇಯರ್ ಸಾಕು. ಮೀಡಿಯಾ ಮೆನುವಿನಲ್ಲಿ ಓಪನ್ ಡಿಸ್ಕ್ ಒತ್ತಿ, ಎಸ್‌ವಿಸಿಡಿ/ವಿಸಿಡಿ ಆರಿಸಿ, ಡ್ರೈವ್ ಅಕ್ಷರ ತೋರಿಸಿ. ಆಗದಿದ್ದರೆ ಡಿಎಟಿ ಫೈಲನ್ನೇ ಎಳೆದು ವಿಎಲ್‌ಸಿ ಮೇಲೆ ಬಿಡಿ.

ಉಳಿಸಿಕೊಳ್ಳುವುದಿದ್ದರೆ ಪದೇ ಪದೇ ಪ್ಲೇ ಮಾಡಿ ನೋಡುವ ಮೊದಲೇ ಇಡೀ ಡಿಸ್ಕಿನ ಇಮೇಜ್, ಅಂದರೆ ಡಿಸ್ಕಿನಲ್ಲಿರುವುದರ ಯಥಾಪ್ರತಿ ಫೈಲು, ತೆಗೆಯಿರಿ. ಇಮ್ಜ್‌ಬರ್ನ್ (ImgBurn) ಎಂಬ ಸಾಫ್ಟ್‌ವೇರ್‌ನಲ್ಲಿ ಡಿಸ್ಕಿನಿಂದ ಇಮೇಜ್ ಮಾಡುವ ಆಯ್ಕೆಗೆ ಹೋಗಿ, ವೇಗವನ್ನು ಡ್ರೈವ್ ಒಪ್ಪುವ ಕನಿಷ್ಠಕ್ಕೆ ಇಳಿಸಿ. ಸೆಟ್ಟಿಂಗ್ಸ್‌ನ ರೀಡ್ ಭಾಗದಲ್ಲಿ ಇಗ್ನೋರ್ ರೀಡ್ ಎರರ್ಸ್ ಟಿಕ್ ಮಾಡಿದರೆ ಕೆಟ್ಟ ಸೆಕ್ಟರ್ ಬಂದಾಗ ನಿಲ್ಲದೆ ಮುಂದೆ ಹೋಗುತ್ತದೆ. ಇಮೇಜ್ ಬಿನ್ (.bin) ಮತ್ತು ಕ್ಯೂ (.cue) ಎಂಬ ಎರಡು ಫೈಲಾಗಿ ಬರಬೇಕು. ಐಎಸ್‌ಒ (.iso) ಎಂಬ ಬಗೆಯ ಇಮೇಜ್ ಬೇಡವೇ ಬೇಡ: ಅದು ಸೆಕ್ಟರಿಗೆ 2048 ಬೈಟ್ ಮಾತ್ರ ಹಿಡಿಯುತ್ತದೆ, ಪ್ರತಿ ಸೆಕ್ಟರಿನಲ್ಲೂ ವಿಡಿಯೊದ ಬಾಲ ಕತ್ತರಿಸಿಹೋಗುತ್ತದೆ. ಬಿನ್ ಫೈಲಿನ ಹೆಸರು ಬದಲಿಸಿದರೆ ಕ್ಯೂ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು ಅಲ್ಲೂ ಬದಲಿಸಿ.

ಇಮೇಜಿನಿಂದ ವಿಡಿಯೊ ಬೇರ್ಪಡಿಸಲು ಐಸೊಬಸ್ಟರ್ (IsoBuster) ಎಂಬ ಸಾಫ್ಟ್‌ವೇರ್ ಅನುಕೂಲ. ಡಿಎಟಿ ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ, ಎಂ2ಎಫ್2 (M2F2, ವಿಸಿಡಿಯ ವಿಡಿಯೊ ಸೆಕ್ಟರಿನ ಬಗೆ) ಎಂಪೆಗ್ ಫ್ರೇಮ್‌ಗಳನ್ನು ಮಾತ್ರ ಸೋಸಿ ತೆಗೆಯುವ ಆಯ್ಕೆ ಒತ್ತಿದರೆ ಶುದ್ಧ ಎಂಪೆಗ್ ಫೈಲು ಸಿಗುತ್ತದೆ. ಅದನ್ನೇ ಮೂಲವಾಗಿ ಇಟ್ಟುಕೊಳ್ಳಿ. ಮೊಬೈಲಿಗೆ ಕಳಿಸಲು ಹ್ಯಾಂಡ್‌ಬ್ರೇಕ್ ಎಂಬ ವಿಡಿಯೊ ಪರಿವರ್ತಕದಲ್ಲಿ ಎಂಪಿ4 ಮಾಡುವಾಗ ಡಿಇಂಟರ್‌ಲೇಸ್ ಆಫ್ ಮಾಡಿ. ವಿಸಿಡಿಯ ಎಂಪೆಗ್-1ರಲ್ಲಿ ಇಂಟರ್‌ಲೇಸ್ (ಚಿತ್ರವನ್ನು ಗೆರೆ ಬಿಟ್ಟು ಗೆರೆ ಎರಡು ಸಲ ತುಂಬುವ ವಿಧಾನ) ಇಲ್ಲವೇ ಇಲ್ಲ. ಚಿತ್ರ ಇರುವುದೇ 352×288. ಹಿಗ್ಗಿಸಿದರೆ ಮುಖ ಸ್ಪಷ್ಟವಾಗದು, ಫೈಲು ಮಾತ್ರ ಊದುತ್ತದೆ.

ಪಾಠ, ಆಟ, ನಿಘಂಟಿನ ಸಾಫ್ಟ್‌ವೇರ್ ಸಿಡಿಗಳ ಕಥೆ ಬೇರೆ. 1990ರ ದಶಕದ ಎಷ್ಟೋ ಸೆಟಪ್‌ಗಳು 16 ಬಿಟ್‌ನವು, 64 ಬಿಟ್ ವಿಂಡೋಸ್ ಅವನ್ನು ನಡೆಸುವುದಿಲ್ಲ. ಕಂಪ್ಯಾಟಿಬಿಲಿಟಿ ಆಯ್ಕೆಗಳಲ್ಲಿ ಹೊತ್ತು ಕಳೆಯದೆ ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರನ್ನು ಅನುಕರಿಸುವ ವರ್ಚುವಲ್‌ಬಾಕ್ಸ್‌ನಲ್ಲಿ 32 ಬಿಟ್ ವಿಂಡೋಸ್ ಎಕ್ಸ್‌ಪಿ ಹಾಕಿ, ಇಂಟರ್ನೆಟ್ ಕೊಡದೆ ಅದರಲ್ಲೇ ನಡೆಸಿ. ಕನ್ನಡದ ಸಿಡಿ ತೆರೆದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಂಡರೆ ಕೆಟ್ಟಿರುವುದು ಸಿಡಿಯಲ್ಲ, ಫಾಂಟ್ ಇಲ್ಲ. ಎಲ್ಲ ಭಾಷೆಗಳ ಅಕ್ಷರಕ್ಕೂ ಒಂದೇ ಕೋಡ್ ಪಟ್ಟಿಯಾದ ಯೂನಿಕೋಡ್ ಬಳಕೆಗೆ ಬರುವ ಮುನ್ನ ಕನ್ನಡದ ಅಕ್ಷರಗಳನ್ನು ಇಂಗ್ಲಿಷಿನ ಕೋಡ್‌ಗಳ ಮೇಲೆ ಕೂರಿಸುತ್ತಿದ್ದರು, ತಯಾರಕರಿಂದ ತಯಾರಕರಿಗೆ ಕೋಡ್ ಬೇರೆ. ಸಿಡಿಯಲ್ಲೇ ಇರುವ ಟಿಟಿಎಫ್ (.ttf) ಎಂಬ ಫಾಂಟ್ ಫೈಲನ್ನು ಹುಡುಕಿ ಅದನ್ನೇ ಇನ್‌ಸ್ಟಾಲ್ ಮಾಡಿ. ಬೇರೆ ಕನ್ನಡ ಫಾಂಟ್ ಹಾಕಿದರೆ ಒತ್ತಕ್ಷರಗಳೆಲ್ಲ ಅದಲುಬದಲಾಗುತ್ತವೆ.