ದುಬೈಯಲ್ಲಿದ್ದುಕೊಂಡು ಊರಿನಲ್ಲಿರುವ ಪತ್ನಿಗೆ ಹತ್ತಿರವಾಗಿರುವ ಬಗೆ

ದುಬೈಯ ಗಡಿಯಾರ ಊರಿಗಿಂತ ಒಂದೂವರೆ ಗಂಟೆ ಹಿಂದಿರುವುದರಿಂದ, ನೀವು ರಾತ್ರಿ 9ಕ್ಕೆ ಕೋಣೆಗೆ ಮರಳಿ ಕರೆ ಮಾಡುವಾಗ ಉಡುಪಿಯಲ್ಲಿ 10.30 ಆಗಿ, ದಿನವಿಡೀ ದುಡಿದ ಪತ್ನಿ ನಿದ್ದೆಗಣ್ಣಿನಲ್ಲಿರುತ್ತಾರೆ. ಆದ್ದರಿಂದ ಬೆಳಗಿನ 5.30ನ್ನು, ಅಂದರೆ ಊರಿನ 7 ಗಂಟೆಯನ್ನು ಆರಿಸಿಕೊಳ್ಳಿ. ವಾಟ್ಸಾಪ್ ಕರೆ ದುಬೈಯಲ್ಲಿ ನಡೆಯದ ಕಾರಣ ಇಬ್ಬರ ಫೋನಿನಲ್ಲೂ ಬೋಟಿಮ್ ಎಂಬ ಕರೆ ಮಾಡುವ ಆ್ಯಪ್ ಇರಲಿ. ಮಾತನಾಡಲೇಬೇಕೆಂದಿಲ್ಲ, ಫೋನನ್ನು ಅಡುಗೆಮನೆಯ ಗೋಡೆಗೆ ಒರಗಿಸಿಡಲು ಹೇಳಿ, ಕಾವಲಿಯ ಮೇಲೆ ನೀರುದೋಸೆಯ ಹಿಟ್ಟು ಚುಂಯ್ ಎನ್ನುವುದನ್ನೂ ಮಗಳ ಜಡೆ ಹೆಣೆಯುವಾಗಿನ ಗಡಿಬಿಡಿಯನ್ನೂ ಕೇಳುತ್ತಾ ನಿಮ್ಮ ಚಹಾ ಕುಡಿಯಿರಿ. ವರ್ಷಗಟ್ಟಲೆ ಹೀಗೆ ದೂರವಿದ್ದ ನನ್ನನ್ನು ಕಾಪಾಡಿದ್ದು ಆ ಸದ್ದುಗಳೇ. ಸಾಲ, ಕಂತು, ಮನೆ ರಿಪೇರಿಯ ಲೆಕ್ಕಗಳನ್ನು ರಜೆಯ ದಿನಕ್ಕೆ ಬೇರೆಯಾಗಿ ಇಟ್ಟುಕೊಳ್ಳಿ. ನೆನಪು ಕಾಡಿದ ದಿನ "ಚೆನ್ನಾಗಿದ್ದೇನೆ" ಎಂದು ಮುಚ್ಚಿಡದೆ, "ಇವತ್ತು ನಿನ್ನ ನೆನಪು ಬಹಳವಾಯಿತು" ಎಂದು ಬಾಯಿಬಿಟ್ಟು ಹೇಳಿ. ಅವರೂ ಅದನ್ನೇ ಹೇಳಲು ಕಾಯುತ್ತಿರುತ್ತಾರೆ.