ಬೋರ್‌ವೆಲ್‌ನಲ್ಲಿ ಪೆಟ್ರೋಲ್ ಯಾಕೆ ಬರಲ್ಲ? ಮನೆಯಲ್ಲೇ ಮಾಡಿ ನೋಡಿ

ಪಕ್ಕದ ಸೈಟಿನಲ್ಲಿ ಬೋರ್‌ವೆಲ್ ಕೊರೆಯುತ್ತಿದ್ದರು. ಸಾವಿರ ಅಡಿ ದಾಟಿದರೂ ನೀರಿಲ್ಲ, ಬರೀ ಬೂದು ಬಣ್ಣದ ಕಲ್ಲುಪುಡಿ. ಕಾಂಪೌಂಡ್ ಮೇಲಿಂದ ಇಣುಕುತ್ತಿದ್ದ ಮಗ ಕೇಳಿದ: ‘ಇನ್ನೂ ಕೊರೆದ್ರೆ ಪೆಟ್ರೋಲ್ ಸಿಗುತ್ತಾ ಅಪ್ಪಾ?’ ಬೆಂಗಳೂರಿನಲ್ಲಿ ಸಿಗಲ್ಲ. ಯಾಕೆ ಅಂತ ಮನೆಯಲ್ಲೇ ತೋರಿಸಬಹುದು.

ಮೊದಲು ಕಾಂಪೋಸ್ಟ್ ಬಕೆಟ್‌ನೊಳಗೆ ಕೈ ಇಡಿ. ಚೆನ್ನಾಗಿ ಕೊಳೆಯುತ್ತಿದ್ದರೆ ಬೆಚ್ಚಗಿರುತ್ತದೆ. ಅದು ಎಲೆ ಹಿಡಿದಿಟ್ಟಿದ್ದ ಬಿಸಿಲಿನ ಶಕ್ತಿ. ಗಾಳಿ ಸಿಕ್ಕಿತು, ಬಿಸಿಯಾಗಿ ಹೊರಟುಹೋಗುತ್ತಿದೆ.

ಈಗ ಒಂದು ಡಬ್ಬಿಯಲ್ಲಿ ಎಲೆ ಹಾಕಿ, ಮೇಲೆ ಕೆಸರು, ಅದರ ಮೇಲೆ ನೀರು. ಮುಚ್ಚಳ ಬಿಗಿಯಬೇಡಿ, ಒಳಗೆ ಗ್ಯಾಸ್ ಹುಟ್ಟುತ್ತದೆ. ಮೂರ್ನಾಲ್ಕು ವಾರ ಬಿಟ್ಟು ಎಲೆ ತೆಗೆದು ತೊಳೆಯಿರಿ. ನಾತ ಸಹಿಸಿಕೊಳ್ಳಿ. ಎಲೆ ಕಪ್ಪಾಗಿರುತ್ತದೆ, ಆದರೆ ನರಗಳು ಇನ್ನೂ ಕಾಣುತ್ತವೆ. ಗಾಳಿಯಿಲ್ಲದೆ ಪೂರ್ತಿ ಕೊಳೆತಿಲ್ಲ, ಶಕ್ತಿ ಒಳಗೇ ಉಳಿದಿದೆ. ಜೌಗು ಕಾಡಿನ ಮರಗಳಿಗೂ ಹೀಗೇ ಆಯಿತು. ಮೇಲಿನ ಮಣ್ಣಿನ ಭಾರಕ್ಕೆ, ಒಳಗಿನ ಬಿಸಿಗೆ ಅವು ಮೊದಲು ಪೀಟ್ (ಅರೆಕೊಳೆತ ಗಿಡಮರದ ಮಣ್ಣು), ಆಮೇಲೆ ಲಿಗ್ನೈಟ್ (ಕಂದು ಕಲ್ಲಿದ್ದಲು), ಆಮೇಲೆ ಕಪ್ಪು ಕಲ್ಲಿದ್ದಲಾದವು. ತೆಲಂಗಾಣದ ಸಿಂಗರೇಣಿ ಗಣಿಯ ಕಲ್ಲಿದ್ದಲಿಗೆ 25 ಕೋಟಿ ವರ್ಷಕ್ಕಿಂತ ಜಾಸ್ತಿ ವಯಸ್ಸು.

ಪೆಟ್ರೋಲ್ ಬರುವುದು ಪೆಟ್ರೋಲಿಯಂ ಎಂಬ ಕಚ್ಚಾ ಎಣ್ಣೆಯಿಂದ. ಅದಕ್ಕೆ ಮರ ಬೇಕಿಲ್ಲ. ಡೈನೋಸಾರೂ ಬೇಕಿಲ್ಲ, ಅದು ಸುಮ್ನೆ ಕತೆ. ಸಮುದ್ರದಲ್ಲಿ ತೇಲುವ ಪಾಚಿಯಂಥ ಚಿಕ್ಕಚಿಕ್ಕ ಜೀವಿಗಳು ತಳದ ಕೆಸರಿನಲ್ಲಿ ಹೂತುಹೋಗಬೇಕು. ಕಿಲೋಮೀಟರ್‌ಗಟ್ಟಲೆ ಆಳದಲ್ಲಿ, ಸುಮಾರು 60ರಿಂದ 120 ಡಿಗ್ರಿ ಸೆಲ್ಸಿಯಸ್‌ನ ಸಣ್ಣ ಉರಿಯಲ್ಲಿ ಲಕ್ಷಾಂತರ ವರ್ಷ ಬೇಯಬೇಕು. ಉರಿ ಜಾಸ್ತಿಯಾದರೆ ಎಣ್ಣೆ ಒಡೆದು ಗ್ಯಾಸ್ ಆಗುತ್ತದೆ.

ಕೊನೆಯದು ನನಗೆ ತುಂಬಾ ಇಷ್ಟ. ಒಂದು ಲೋಟ ನೀರಿಗೆ ಒಣಗಿದ ಇಟ್ಟಿಗೆ ಚೂರು ಹಾಕಿ. ಸರಸರ ಗುಳ್ಳೆ ಏಳುತ್ತವೆ. ಇನ್ನೊಂದು ಲೋಟಕ್ಕೆ ಜಲ್ಲಿ ಕಲ್ಲು ಹಾಕಿ. ಸುಮ್ನೆ ಕೂತಿರುತ್ತದೆ. ಎಣ್ಣೆ ನೆಲದಡಿ ಕೆರೆಯ ಹಾಗೆ ನಿಂತಿರುವುದಿಲ್ಲ. ಇಟ್ಟಿಗೆಯಂಥ ತೂತುತೂತು ಕಲ್ಲಿನಲ್ಲಿ, ಬಿಗಿ ಕಲ್ಲಿನ ಮುಚ್ಚಳದಡಿ ಸಿಕ್ಕಿಕೊಂಡಿರುತ್ತದೆ. 1974ರಲ್ಲಿ ಮುಂಬೈ ಕಡಲಿನ ಬಾಂಬೆ ಹೈ ಎಂಬ ಜಾಗದಲ್ಲಿ ಎಣ್ಣೆ ಸಿಕ್ಕಿದ್ದು ಸುಣ್ಣಕಲ್ಲಿನೊಳಗೆ.

ನಮ್ಮ ಕಾಲಡಿ ಇರುವುದು ಲಾಲ್‌ಬಾಗ್ ಬಂಡೆಯ ಬಳಗ, ಅಂದರೆ ಜಲ್ಲಿಯ ಜಾತಿ. ವಯಸ್ಸು ಸುಮಾರು 300 ಕೋಟಿ ವರ್ಷ. ಅದರಲ್ಲಿ ಹೂತುಹೋದ ಜೀವಿಗಳೂ ಇಲ್ಲ, ಎಣ್ಣೆ ನಿಲ್ಲುವಂಥ ತೂತುಗಳೂ ಇಲ್ಲ.

ಮಗ ಜಲ್ಲಿಯ ಲೋಟವನ್ನೇ ನೋಡುತ್ತಿದ್ದ. ‘ಹಾಗಾದ್ರೆ ಬೋರ್‌ವೆಲ್‌ಗೆ ನೀರು ಎಲ್ಲಿಂದ ಬರುತ್ತೆ?’

ಬಂಡೆಯ ಬಿರುಕಿನಿಂದ. ಪಕ್ಕದ ಸೈಟಿನವರಿಗೆ ಅದು 1,200 ಅಡಿಯಲ್ಲಿ ಸಿಕ್ಕಿತು.